ಒಕರೀನಾ: ರಚನೆ, ಬಗೆಗಳು ಮತ್ತು ಕಲಿಯುವವರ ಆಯ್ಕೆ

ಒಕರೀನಾ ಎಂಬುದು ಟೊಳ್ಳು ಗೂಡಿನೊಳಗಿನ ಗಾಳಿಯನ್ನು ಕಂಪನಗೊಳಿಸಿ ಸ್ವರ ಹೊರಡಿಸುವ, ಬೆರಳುರಂಧ್ರಗಳುಳ್ಳ ಸುಷಿರವಾದ್ಯ. ಹೆಚ್ಚಾಗಿ ಸುಟ್ಟ ಮಣ್ಣಿನಲ್ಲಿ ಮಾಡುತ್ತಾರೆ. ಕೊಳಲಿನಲ್ಲಿ ಗಾಳಿಯ ಕಂಬ ಉದ್ದವಾದ ನಳಿಗೆಯೊಳಗೆ ಕಂಪಿಸಿದರೆ, ಒಕರೀನಾದಲ್ಲಿ ಎಲ್ಲ ಕಡೆ ಮುಚ್ಚಿದ ಗೂಡೊಂದರ ಗಾಳಿ ಒಟ್ಟಾಗಿ ಹಿಗ್ಗಿ ಕುಗ್ಗುತ್ತದೆ. ಇಂಥ ವಾದ್ಯಗಳನ್ನು ಈ ಲೇಖನದಲ್ಲಿ ಪಾತ್ರೆಕೊಳಲು ಎಂದು ಕರೆಯಲಾಗಿದೆ. ದನಿ ದುಂಡಗೆ, ಮೃದುವಾಗಿ, ತುಸು ಗುಂಯ್‌ಗುಟ್ಟಿದಂತೆ ಕೇಳುತ್ತದೆ. ಅಂಗೈಯಲ್ಲಿ ಹಿಡಿಯುವ ಪದಕದ ಗಾತ್ರದಿಂದ ಎರಡೂ ಕೈ ತುಂಬುವ ಮಂದ್ರವಾದ್ಯದವರೆಗೆ ಇದರ ಗಾತ್ರಗಳು ಹರಡಿವೆ.

ಹೆಸರು ಮತ್ತು ಮೂಲ

ಪಾತ್ರೆಕೊಳಲು ಬಹಳ ಹಳೆಯದು. ಚೀನಾದ ಶುನ್ ಎಂಬ ಮೊಟ್ಟೆಯಾಕಾರದ ಮಣ್ಣಿನ ವಾದ್ಯ ಈ ಕುಟುಂಬದ್ದು. ಅದರ ಪ್ರಾಚೀನ ರೂಪ ಹೆಮುಡು ನೆಲೆಯ ಉತ್ಖನನದಲ್ಲಿ ಸಿಕ್ಕಿದ್ದು, ಸುಮಾರು 7,000 ವರ್ಷ ಹಿಂದಿನದೆಂದು ಗುರುತಿಸಲಾಗಿದೆ. ಶುನ್‌ಗೆ ಊದುಬಾಯಿ ಇಲ್ಲ, ನಮ್ಮ ಕೊಳಲಿನಂತೆ ತುಟಿಯಿಂದಲೇ ಗಾಳಿಯನ್ನು ಅಂಚಿಗೆ ಹಾಯಿಸಬೇಕು. ಮಧ್ಯ ಅಮೆರಿಕದ ಮಾಯಾ ಮತ್ತು ಆಜ್ಟೆಕ್ ಜನ ಹಕ್ಕಿ, ಪ್ರಾಣಿ, ಮನುಷ್ಯರ ಆಕಾರದಲ್ಲಿ ಮಣ್ಣಿನ ಪಾತ್ರೆಕೊಳಲುಗಳನ್ನು ಮಾಡುತ್ತಿದ್ದರು. ಸಿಂಧೂ ಕಣಿವೆಯ ಹರಪ್ಪಾ ನಾಗರಿಕತೆಯ ನೆಲೆಗಳಲ್ಲಿ ಹಕ್ಕಿಯಾಕಾರದ ಟೊಳ್ಳು ಮಣ್ಣಿನ ಸಿಳ್ಳೆಗಳು ದೊರೆತಿವೆ. ರಾಗ ನುಡಿಸುವ ವಾದ್ಯಗಳಲ್ಲವಾದರೂ ದನಿ ಹುಟ್ಟಿಸುವ ತತ್ತ್ವ ಇದೇ.

ಈಗ ಒಕರೀನಾ ಎಂದು ಕರೆಯುವ ವಾದ್ಯ ಹುಟ್ಟಿದ್ದು ಇಟಲಿಯ ಬೊಲೊನ್ಯಾ ನಗರದ ಬಳಿಯ ಬುದ್ರಿಯೊ ಎಂಬ ಪುಟ್ಟ ಊರಿನಲ್ಲಿ. ಅಲ್ಲಿನ ಜುಸೆಪ್ಪೆ ದೊನಾತಿ (1836–1925) ಎಂಬ ಹುಡುಗ 1853ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಮಕ್ಕಳಾಟಿಕೆಯಾಗಿದ್ದ ಮಣ್ಣಿನ ಸಿಳ್ಳೆಗೆ ಪೂರ್ಣ ಸ್ವರಸಪ್ತಕ ಬರುವಂತೆ ಹತ್ತು ರಂಧ್ರಗಳನ್ನು ಕೊಟ್ಟ. ಆ ಸೀಮೆಯ ಆಡುನುಡಿಯಲ್ಲಿ ಒಕರೀನಾ ಎಂದರೆ ಪುಟ್ಟ ಹೆಬ್ಬಾತು. ಒಂದು ಕಡೆ ಚೂಪು, ಇನ್ನೊಂದು ಕಡೆ ದಪ್ಪ, ನಡುವೆ ಕೊಕ್ಕಿನಂತೆ ಚಾಚಿದ ಊದುಬಾಯಿ: ಆಕಾರ ನೋಡಿದವರಿಗೆ ಹೆಸರಿನ ಕಾರಣ ತಿಳಿಯುತ್ತದೆ. ಅಮೆರಿಕದಲ್ಲಿ ಇದೇ ಆಕಾರ ಗೆಣಸನ್ನು ನೆನಪಿಸಿ, ವಾದ್ಯಕ್ಕೆ ಸಿಹಿಗೆಣಸು ಎಂಬ ಅಡ್ಡಹೆಸರು ಬಂತು.

ದೊನಾತಿ ಒಂದೇ ಗಾತ್ರಕ್ಕೆ ನಿಲ್ಲಲಿಲ್ಲ. ಸಣ್ಣದು, ದೊಡ್ಡದು ಮಾಡಿ, ಎಲ್ಲ ಸೇರಿ ನುಡಿಸುವ ಮೇಳ ಕಟ್ಟಿದ. ಬುದ್ರಿಯೊದ ಒಕರೀನಾ ಮೇಳಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪಿನ ನಗರಗಳಲ್ಲಿ ಒಪೆರಾ ಸಂಗೀತವನ್ನು ಮಣ್ಣಿನ ವಾದ್ಯಗಳಲ್ಲಿ ನುಡಿಸಿ ಹೆಸರು ಮಾಡಿದವು. ಚೆಸಾರೆ ವಿಚಿನೆಲ್ಲಿಯಂಥ ನಂತರದ ಕುಶಲಿಗಳು ಶ್ರುತಿಶುದ್ಧಿಯನ್ನು ಇನ್ನಷ್ಟು ಹದಗೊಳಿಸಿದರು.

ಜಪಾನಿನ ಶಿಲ್ಪಿ ಅಕೆತಾಗವಾ ತಕಾಶಿ 1928ರಲ್ಲಿ ಇಟಲಿಯ ಮಾದರಿಗೆ ಎರಡು ಚಿಕ್ಕ ಉಪರಂಧ್ರಗಳನ್ನು ಸೇರಿಸಿ ಹನ್ನೆರಡು ರಂಧ್ರಗಳ ಒಕರೀನಾ ರೂಪಿಸಿದ. ಇಂದು ಏಷ್ಯಾದಲ್ಲೆಲ್ಲ ಬಳಕೆಯಲ್ಲಿರುವುದು ಇದೇ.

ರಚನೆ

ಒಕರೀನಾಕ್ಕೆ ನಾಲ್ಕು ಮುಖ್ಯ ಭಾಗಗಳಿವೆ. ನುಡಿಸುವವನು ಊದುವ ಊದುಬಾಯಿ. ಅದರೊಳಗೆ ಉಸಿರನ್ನು ತೆಳು ಪಟ್ಟಿಯಾಗಿ ಒಯ್ಯುವ ಗಾಳಿದಾರಿ. ಗಾಳಿದಾರಿಯ ತುದಿಯಲ್ಲಿ ಆಯತಾಕಾರದ ದನಿಗಂಡಿ ಮತ್ತು ಅದರ ಎದುರಿನ ಚೂಪಾದ ಅಲಗು. ಇವೆಲ್ಲಕ್ಕೂ ಒಡಲಾದ ಗೂಡು. ಗೂಡಿನ ಗೋಡೆಯಲ್ಲಿ ಬೆರಳುರಂಧ್ರಗಳಿರುತ್ತವೆ. ಉಸಿರಿನ ಪಟ್ಟಿ ಅಲಗಿಗೆ ತಾಗಿ ಒಮ್ಮೆ ಒಳಗೆ, ಒಮ್ಮೆ ಹೊರಗೆ ತೂಗಾಡುತ್ತದೆ. ಆ ತೂಗಾಟ ಗೂಡಿನ ಗಾಳಿಯನ್ನು ಕಂಪನಗೊಳಿಸುತ್ತದೆ.

ಗಾಳಿದಾರಿ, ದನಿಗಂಡಿ, ಅಲಗು ಈ ಮೂರೂ ಎಷ್ಟು ನೇರ, ಎಷ್ಟು ನುಣುಪು ಎಂಬುದರ ಮೇಲೆ ವಾದ್ಯದ ದನಿ ನಿಂತಿದೆ. ಕೂದಲೆಳೆಯಷ್ಟು ಓರೆಯಾದರೂ ಸ್ವರದೊಂದಿಗೆ ಬುಸುಗುಟ್ಟುವ ಗಾಳಿಯ ಸದ್ದು ಬೆರೆಯುತ್ತದೆ. ಹೊರಗಿನ ಬಣ್ಣ, ಚಿತ್ತಾರ, ಹೊಳಪುಗಳಿಗೂ ದನಿಗೂ ಸಂಬಂಧವಿಲ್ಲ.

ನಾದದ ತತ್ತ್ವ

ಜರ್ಮನಿಯ ಭೌತವಿಜ್ಞಾನಿ ಹೆರ್ಮಾನ್ ಫಾನ್ ಹೆಲ್ಮ್‌ಹೋಲ್ಟ್ಸ್ (1821–1894) ವಿವರಿಸಿದ ಅನುನಾದಕದ ತತ್ತ್ವ ಒಕರೀನಾಕ್ಕೆ ಅನ್ವಯಿಸುತ್ತದೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದಾಗ ಕೇಳುವ ದನಿ ಇದರ ಸರಳ ಉದಾಹರಣೆ. ಸ್ವರದ ಎತ್ತರ ಎರಡು ಸಂಗತಿಗಳನ್ನು ಮುಖ್ಯವಾಗಿ ಅವಲಂಬಿಸಿದೆ: ಗೂಡಿನ ಒಳಗಾತ್ರ ಮತ್ತು ತೆರೆದಿರುವ ರಂಧ್ರಗಳ ಒಟ್ಟು ವಿಸ್ತಾರ. ಗೂಡು ದೊಡ್ಡದಾದಷ್ಟೂ ಸ್ವರ ಇಳಿಯುತ್ತದೆ, ರಂಧ್ರ ತೆರೆದಷ್ಟೂ ಏರುತ್ತದೆ. ರಂಧ್ರ ಗೂಡಿನ ಯಾವ ಜಾಗದಲ್ಲಿದೆ ಎಂಬುದು ಹೆಚ್ಚು ಮುಖ್ಯವಲ್ಲ. ಒಕರೀನಾವನ್ನು ಹಕ್ಕಿ, ಆಮೆ, ಗೆಣಸು ಯಾವ ಆಕಾರದಲ್ಲಿ ಬೇಕಾದರೂ ಮಾಡಲು ಸಾಧ್ಯವಾಗಿರುವುದು ಇದರಿಂದ; ಬೆರಳಿಗೆ ಒಗ್ಗುವ ಕಡೆ ರಂಧ್ರ ಕೊರೆಯಬಹುದಾದದ್ದೂ ಇದರಿಂದಲೇ.

ಇದೇ ತತ್ತ್ವ ವಾದ್ಯದ ಮಿತಿಯನ್ನೂ ಗೊತ್ತುಮಾಡಿದೆ. ಕೊಳಲಿನಲ್ಲಿ ಅದೇ ಬೆರಳಿಟ್ಟು ಉಸಿರನ್ನು ಬಿರುಸುಗೊಳಿಸಿದರೆ ಸ್ವರ ಮೇಲಿನ ಸ್ಥಾಯಿಗೆ ಜಿಗಿಯುತ್ತದೆ. ಒಕರೀನಾದಲ್ಲಿ ಈ ಜಿಗಿತ ಇಲ್ಲ. ಬಿರುಸಾಗಿ ಊದಿದರೆ ಸ್ವರ ಶ್ರುತಿ ಮೀರಿ ಏರುತ್ತದೆ, ಕೊನೆಗೆ ಒಡೆಯುತ್ತದೆ. ಹೀಗಾಗಿ ಒಂದೇ ಗೂಡಿನ ವಾದ್ಯಕ್ಕೆ ಸಿಗುವುದು ಸುಮಾರು ಒಂದೂವರೆ ಸ್ಥಾಯಿ ಮಾತ್ರ. ಮೇಲಿನ ಸ್ವರಗಳಲ್ಲಿ ರಂಧ್ರಗಳು ಹೆಚ್ಚು ತೆರೆದಿರುವುದರಿಂದ ಗೂಡಿನ ಅನುನಾದ ಕುಂದಿ, ದನಿ ತೆಳುವಾಗುತ್ತದೆ.

ಉಸಿರಿನ ಒತ್ತಡಕ್ಕೆ ಒಕರೀನಾದ ಶ್ರುತಿ ಬಹಳ ಬೇಗ ಸ್ಪಂದಿಸುತ್ತದೆ. ಕೆಳಗಿನ ಸ್ವರಕ್ಕೆ ಮೆಲ್ಲನೆಯ ಉಸಿರು, ಮೇಲಿನ ಸ್ವರಕ್ಕೆ ಗಟ್ಟಿ ಉಸಿರು ಬೇಕು. ಸ್ವರದಿಂದ ಸ್ವರಕ್ಕೆ ಒತ್ತಡ ಏರುವ ಈ ಕ್ರಮವನ್ನು ಉಸಿರೇರಿಕೆ ಎನ್ನಬಹುದು. ಪ್ರತಿ ವಾದ್ಯದ ಉಸಿರೇರಿಕೆ ಬೇರೆ. ಹವೆಯ ಕಾವೂ ಲೆಕ್ಕಕ್ಕೆ ಬರುತ್ತದೆ: ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಅರ್ಧಸ್ವರದ ಸುಮಾರು ಮೂರನೆಯ ಒಂದು ಪಾಲು ಏರುತ್ತದೆ. ತಂಪುದೇಶದಲ್ಲಿ ಶ್ರುತಿ ಮಾಡಿದ ವಾದ್ಯವನ್ನು ಕಲಬುರಗಿಯ ಮೇ ತಿಂಗಳಲ್ಲಿ ನುಡಿಸುವವರು ಉಸಿರನ್ನು ಇಳಿಸಿಯೇ ಊದಬೇಕು.

ಬಗೆಗಳು

ಅಡ್ಡ ಒಕರೀನಾ ದೊನಾತಿಯ ನೇರ ಸಂತತಿ. ಎರಡೂ ಕೈಗಳಿಂದ ಅಡ್ಡಲಾಗಿ ಹಿಡಿಯುತ್ತಾರೆ. ಹತ್ತು ರಂಧ್ರಗಳಿಗೆ ಹತ್ತು ಬೆರಳು: ಎಂಟು ಮೇಲೆ, ಎರಡು ಹೆಬ್ಬೆರಳು ಕೆಳಗೆ. ಹನ್ನೆರಡು ರಂಧ್ರದ ಮಾದರಿಯಲ್ಲಿ ಉಳಿದೆರಡು ಉಪರಂಧ್ರಗಳನ್ನು ಪಕ್ಕದ ಬೆರಳುಗಳೇ ತುಸು ಜಾರಿ ಮುಚ್ಚುತ್ತವೆ. ಆಗ ಆಧಾರ ಸ್ವರಕ್ಕಿಂತ ಕೆಳಗಿನ ಎರಡು ಸ್ವರಗಳು ಸಿಗುತ್ತವೆ. ಬಲಗೈ ಕಿರುಬೆರಳಿನಿಂದ ಆರಂಭಿಸಿ ಒಂದೊಂದೇ ಬೆರಳೆತ್ತಿದರೆ ಸ್ವರ ಸಾಲಾಗಿ ಏರುತ್ತದಾದ್ದರಿಂದ ಈ ಬೆರಳುಕ್ರಮ ಹೊಸಬರಿಗೆ ಬೇಗ ಒಗ್ಗುತ್ತದೆ.

ಪದಕ ಒಕರೀನಾವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಬಹುದು. ಇಂಗ್ಲೆಂಡಿನ ಗಣಿತಜ್ಞ ಜಾನ್ ಟೇಲರ್ 1964ರಲ್ಲಿ ಇದಕ್ಕೆ ಹೊಸ ಬೆರಳುಕ್ರಮ ಕಂಡುಹಿಡಿದ. ರಂಧ್ರದ ಜಾಗ ಮುಖ್ಯವಲ್ಲ, ವಿಸ್ತಾರ ಮುಖ್ಯ ಎಂದಾದರೆ, ಬೇರೆಬೇರೆ ಅಳತೆಯ ನಾಲ್ಕೇ ರಂಧ್ರಗಳನ್ನು ತೆರೆದು ಮುಚ್ಚುವ 16 ಜೋಡಣೆಗಳು ಸಿಗುತ್ತವೆ; ಒಂದು ಪೂರ್ಣ ಸ್ಥಾಯಿಗೆ ಅಷ್ಟು ಸಾಕು. ಅಡಿಯಲ್ಲಿ ಹೆಬ್ಬೆರಳಿಗೆ ಎರಡು ರಂಧ್ರ ಸೇರಿಸಿದ ಆರು ರಂಧ್ರದ ಮಾದರಿಯಲ್ಲಿ ಇನ್ನೂ ಕೆಲವು ಸ್ವರಗಳು ದೊರೆಯುತ್ತವೆ. ಬ್ರಿಟನ್ನಿನ ಪ್ರಾಥಮಿಕ ಶಾಲೆಗಳಲ್ಲಿ ಪ್ಲಾಸ್ಟಿಕ್ಕಿನ ಪದಕ ಒಕರೀನಾಗಳು ಸಂಗೀತ ಪಾಠಕ್ಕೆ ಬಳಕೆಯಾಗುತ್ತವೆ.

ನೆಟ್ಟಗೆ ಹಿಡಿಯುವ ಒಕರೀನಾ ಸಿಳ್ಳೆಕೊಳಲಿನಂತೆ ಬಾಯಿಂದ ಮುಂದಕ್ಕೆ ಚಾಚಿರುತ್ತದೆ.

ಬಹುಗೂಡು ಒಕರೀನಾದಲ್ಲಿ ಎರಡು, ಮೂರು ಅಥವಾ ನಾಲ್ಕು ಗೂಡುಗಳು ಅಕ್ಕಪಕ್ಕ ಕೂಡಿಕೊಂಡಿರುತ್ತವೆ. ಪ್ರತಿ ಗೂಡಿಗೂ ತನ್ನದೇ ಊದುಬಾಯಿ. ತುಟಿಯನ್ನು ಒಂದರಿಂದ ಇನ್ನೊಂದಕ್ಕೆ ಜಾರಿಸಿ ವ್ಯಾಪ್ತಿಯನ್ನು ಎರಡು ಸ್ಥಾಯಿಗೂ ಮೀರಿ ಹಿಗ್ಗಿಸಬಹುದು. ಒಂದೊಂದು ಗೂಡಿಗೆ ಕಡಿಮೆ ಸ್ವರಗಳಷ್ಟೇ ಪಾಲಾಗುವುದರಿಂದ ಮೇಲಿನ ಸ್ವರಗಳೂ ತುಂಬಿ ಬರುತ್ತವೆ. ಇಟಲಿಯ ಜೋರ್ಜೊ ಪಾಕ್ಕಿಯೋನಿ ರೂಪಿಸಿದ ಬಹುಗೂಡು ವ್ಯವಸ್ಥೆ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಶ್ರುತಿ ಮತ್ತು ಗಾತ್ರ

ಅಡ್ಡ ಒಕರೀನಾಗಳನ್ನು ಸೊಪ್ರಾನೊ, ಆಲ್ಟೊ, ಬಾಸ್ ಎಂದು ಗಾತ್ರದಿಂದಲೂ ಸಿ, ಎಫ್, ಜಿ ಎಂದು ಶ್ರುತಿಯಿಂದಲೂ ಹೆಸರಿಸುತ್ತಾರೆ. ಹಾರ್ಮೋನಿಯಂ ಬಲ್ಲವರ ಮಾತಿನಲ್ಲಿ ಹೇಳುವುದಾದರೆ ಸಿ ಎಂದರೆ ಬಿಳಿ 1, ಎಫ್ ಎಂದರೆ ಬಿಳಿ 4, ಜಿ ಎಂದರೆ ಬಿಳಿ 5. ಹನ್ನೆರಡು ರಂಧ್ರದ ಆಲ್ಟೊ ಸಿ ವಾದ್ಯದ ಅತಿ ಕೆಳಗಿನ ಸ್ವರ 440 ಹರ್ಟ್ಸ್‌ನ ಎ, ಅತಿ ಮೇಲಿನದು ಅದಕ್ಕಿಂತ 20 ಅರ್ಧಸ್ವರ ಎತ್ತರದ ಎಫ್. ಸೊಪ್ರಾನೊ ಸಿ ಇದಕ್ಕಿಂತ ಒಂದು ಸ್ಥಾಯಿ ಮೇಲೆ, ಬಾಸ್ ಸಿ ಒಂದು ಸ್ಥಾಯಿ ಕೆಳಗೆ.

ಹೆಸರುಗಳ ವಿಷಯದಲ್ಲಿ ತಯಾರಕರಲ್ಲಿ ಒಮ್ಮತವಿಲ್ಲ. ಏಷ್ಯಾದ ತಯಾರಕರು ಆಲ್ಟೊ ಎನ್ನುವುದನ್ನೇ ಅಮೆರಿಕದ ಕೆಲವು ಮಾರಾಟಗಾರರು ಟೆನರ್ ಎನ್ನುತ್ತಾರೆ. ಆದ್ದರಿಂದ ಕೊಳ್ಳುವವರು ಹೆಸರನ್ನು ಬಿಟ್ಟು, ಅತಿ ಕೆಳಗಿನ ಸ್ವರ ಯಾವುದು ಎಂದು ಕೇಳಿ ತಿಳಿಯಬೇಕು.

ಗಾತ್ರ ಯಾವುದಾದರೂ ಅಡ್ಡ ಒಕರೀನಾದ ಬೆರಳುಕ್ರಮ ಬಹುಮಟ್ಟಿಗೆ ಒಂದೇ. ಒಂದರಲ್ಲಿ ಕಲಿತ ಕೈ ಉಳಿದವುಗಳ ಮೇಲೂ ಓಡುತ್ತದೆ.

ಬಳಸುವ ವಸ್ತು

ಮಣ್ಣು ಮತ್ತು ಪಿಂಗಾಣಿ ಮುಖ್ಯ. ಪ್ಲಾಸ್ಟಿಕ್, ಮರ, ಲೋಹ, ಗಾಜಿನವೂ ಉಂಟು. ಜರ್ಮನಿಯ ಮೈಸೆನ್ ಪಿಂಗಾಣಿಯ ಒಕರೀನಾಗಳು ಒಂದು ಕಾಲಕ್ಕೆ ಹೆಸರಾಗಿದ್ದವು. ಮಣ್ಣಿನ ವಾದ್ಯ ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ, ಅದರೊಂದಿಗೆ ಶ್ರುತಿಯೂ ಸರಿಯುತ್ತದೆ. ಕುಶಲಿ ಎಷ್ಟು ಕುಗ್ಗೀತೆಂದು ಮೊದಲೇ ಅಂದಾಜಿಸಿ ರಂಧ್ರಗಳನ್ನು ಹದಮಾಡಬೇಕು. ಈ ಅಂದಾಜಿನಲ್ಲೇ ಒಳ್ಳೆಯ ಮತ್ತು ಕಳಪೆ ಒಕರೀನಾಗಳ ಹಾದಿ ಬೇರೆಯಾಗುತ್ತದೆ. ಅಚ್ಚಿನಲ್ಲಿ ಎರಕಗೊಂಡ ಪ್ಲಾಸ್ಟಿಕ್ ವಾದ್ಯದಲ್ಲಿ ಈ ತೊಡಕಿಲ್ಲ: ಮೂಲ ಅಚ್ಚು ಸರಿಯಿದ್ದರೆ ಎಲ್ಲವೂ ಸರಿ. ಗೋಡೆಯ ವಸ್ತುವಿಗಿಂತ ಗಾಳಿದಾರಿ ಮತ್ತು ಅಲಗಿನ ಕೆತ್ತನೆಯೇ ದನಿಯನ್ನು ಹೆಚ್ಚು ನಿರ್ಧರಿಸುವುದರಿಂದ, ಚೆನ್ನಾಗಿ ಮಾಡಿದ ಪ್ಲಾಸ್ಟಿಕ್ ಒಕರೀನಾ ಕೆಟ್ಟದಾಗಿ ಮಾಡಿದ ಮಣ್ಣಿನದಕ್ಕಿಂತ ಮೇಲು. ಕೈಜಾರಿ ಬಿದ್ದರೂ ಅದು ಉಳಿಯುತ್ತದೆ.

ಕಲಿಯುವವರ ಆಯ್ಕೆ

ಮೊದಲ ವಾದ್ಯವಾಗಿ ಹನ್ನೆರಡು ರಂಧ್ರದ ಒಂದೇ ಗೂಡಿನ ಆಲ್ಟೊ ಸಿ ಹೆಚ್ಚು ಅನುಕೂಲ. ಬೆರಳುಕ್ರಮದ ಪಟ್ಟಿಗಳು, ಪಾಠಪುಸ್ತಕಗಳು ಬಹುಪಾಲು ಇದಕ್ಕೇ ಇವೆ. ಉಸಿರಿನ ಬೇಡಿಕೆ ಹದವಾಗಿದೆ. ದನಿ ಕಿವಿಗೆ ಚುಚ್ಚುವಷ್ಟು ತೀಕ್ಷ್ಣವಲ್ಲ. ಸೊಪ್ರಾನೊ ಚಿಕ್ಕ ಕೈಗೆ ಸುಲಭವೆನಿಸಿದರೂ ಅದರ ಮೇಲಿನ ಸ್ವರಗಳು ಮನೆಮಂದಿಯ ತಾಳ್ಮೆಯನ್ನು ಪರೀಕ್ಷಿಸುವಷ್ಟು ಕೀರಲು. ಬಾಸ್ ವಾದ್ಯದ ದನಿ ಮೋಹಕ, ಆದರೆ ರಂಧ್ರಗಳ ನಡುವಿನ ಅಂತರ ಹೆಚ್ಚು, ತೂಕವೂ ಹೆಚ್ಚು. ಎಲ್ಲ ಅಳತೆಗಳನ್ನೂ ಒಂದೇ ಪ್ರಮಾಣದಲ್ಲಿ ಇಮ್ಮಡಿಸಿದರೆ ಸ್ವರ ಒಂದು ಸ್ಥಾಯಿ ಇಳಿಯುತ್ತದೆ, ಗೂಡಿನ ಒಳಗಾತ್ರ ಎಂಟು ಪಟ್ಟಾಗುತ್ತದೆ. ಮಂದ್ರವಾದ್ಯ ಭಾರವಾಗಿರುವುದು ಈ ಲೆಕ್ಕದಿಂದ. ಏಳೆಂಟು ವರ್ಷದ ಮಕ್ಕಳಿಗೆ ನಾಲ್ಕು ಅಥವಾ ಆರು ರಂಧ್ರದ ಪದಕ ಒಕರೀನಾ ಸಾಕು. ಬಹುಗೂಡು ವಾದ್ಯವನ್ನು ಒಂದೇ ಗೂಡಿನಲ್ಲಿ ಉಸಿರು ಹದಕ್ಕೆ ಬಂದ ಮೇಲೆ ಕೊಳ್ಳುವುದು ಸರಿ.

ಪ್ರವಾಸಿ ತಾಣಗಳಲ್ಲಿ ನೆನಪಿನ ಕಾಣಿಕೆಯಾಗಿ ಮಾರುವ ಬಣ್ಣಬಣ್ಣದ ಒಕರೀನಾಗಳಲ್ಲಿ ಬಹಳಷ್ಟು ಶ್ರುತಿಗೆ ನಿಲ್ಲುವುದಿಲ್ಲ. ಅಂಥ ವಾದ್ಯ ಹಿಡಿದವರು ತಪ್ಪು ತಮ್ಮದೆಂದು ತಿಳಿದು ಕಲಿಕೆಯನ್ನೇ ಬಿಟ್ಟುಬಿಡುವ ಅಪಾಯವಿದೆ.

ವಾದ್ಯವನ್ನು ಪರೀಕ್ಷಿಸುವಾಗ ಜೊತೆಗೆ ಶ್ರುತಿ ತೋರಿಸುವ ಮೊಬೈಲ್ ಆ್ಯಪ್ ಇದ್ದರೆ ಒಳ್ಳೆಯದು. ಮೊದಲು ಅತಿ ಕೆಳಗಿನ ಸ್ವರವನ್ನು ಮೆಲ್ಲನೆ ಊದಬೇಕು. ಅದು ನಡುಗದೆ ನಿಲ್ಲಬೇಕು. ಅಲ್ಲಿಂದ ಮೇಲಕ್ಕೆ ಒಂದೊಂದೇ ಸ್ವರ ಏರುತ್ತ, ಶ್ರುತಿ ಸರಿಬರಲು ಉಸಿರು ಎಷ್ಟು ಬೇಕಾಗುತ್ತದೆ ಎಂಬುದನ್ನು ಗಮನಿಸಬೇಕು. ಉಸಿರೇರಿಕೆ ಮೆಟ್ಟಿಲು ಹತ್ತಿದಂತೆ ಕ್ರಮವಾಗಿ ಏರಿದರೆ ವಾದ್ಯ ಒಳ್ಳೆಯದು. ನಡುವೆ ಒಂದು ಸ್ವರಕ್ಕೆ ಮಾತ್ರ ದಿಢೀರನೆ ಹೆಚ್ಚು ಅಥವಾ ಕಡಿಮೆ ಊದಬೇಕಾಗಿ ಬಂದರೆ ಆ ರಂಧ್ರದ ಹದ ತಪ್ಪಿದೆ ಎಂದರ್ಥ. ಕೊನೆಯ ಎರಡು ಮೂರು ಸ್ವರಗಳಲ್ಲಿ ದನಿಗಿಂತ ಗಾಳಿಯೇ ಹೆಚ್ಚು ಕೇಳಿದರೆ ಅದು ಸಾಮಾನ್ಯ ದೋಷ. ಕೆಲವು ವಾದ್ಯಗಳಲ್ಲಿ ತಲೆ ಬಗ್ಗಿಸಿ ಊದಿದರೆ ಈ ಸ್ವರಗಳು ಶುದ್ಧವಾಗುತ್ತವೆ. ಬೆರಳಿನ ಮೆತ್ತೆ ಎಲ್ಲ ರಂಧ್ರಗಳನ್ನೂ ಸಲೀಸಾಗಿ ಮುಚ್ಚುತ್ತದೆಯೇ, ರಂಧ್ರದ ಅಂಚು ನುಣುಪಾಗಿದೆಯೇ, ಎಲ್ಲ ಬೆರಳನ್ನು ಎತ್ತಿದಾಗ ವಾದ್ಯ ಜಾರದಂತೆ ಹಿಡಿಯಲು ಬಾಲದಲ್ಲಿ, ಅಂದರೆ ಚೂಪು ತುದಿಯಲ್ಲಿ, ಜಾಗವಿದೆಯೇ ಎಂಬುದನ್ನೂ ನೋಡಬೇಕು.

ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಊದಿ ನೋಡುವ ಅವಕಾಶವಿಲ್ಲ. ಆ ವಾದ್ಯದಲ್ಲೇ ಎಲ್ಲ ಸ್ವರಗಳನ್ನೂ ನುಡಿಸಿದ ಧ್ವನಿಮುದ್ರಣ, ಬೆರಳುಕ್ರಮದ ಪಟ್ಟಿ, ವಾದ್ಯದ ವ್ಯಾಪ್ತಿಯ ವಿವರ ಮೂರನ್ನೂ ಕೊಡುವ ತಯಾರಕರನ್ನೇ ಹುಡುಕುವುದು ಸುರಕ್ಷಿತ.

ಕಲಿಕೆ

ಕಲಿಕೆಯ ಮೊದಲ ಹಂತದಲ್ಲಿ ಎಡಗೈಯ ಸ್ವರಗಳಿಂದ ಆರಂಭಿಸಿ ಕೆಳಕ್ಕೆ ಇಳಿಯುವ ಪದ್ಧತಿ ಇದೆ, ಏಕೆಂದರೆ ಹೊಸಬರು ಕೆಳಗಿನ ಸ್ವರಗಳಿಗೆ ಅಗತ್ಯಕ್ಕಿಂತ ಬಿರುಸಾಗಿ ಊದುತ್ತಾರೆ. ನಾಲಿಗೆಯ ತುದಿಯನ್ನು ಮೇಲುಹಲ್ಲಿನ ಹಿಂದೆ ತಾಗಿಸಿ ‘ತು’ ಎಂದಂತೆ ಸ್ವರಗಳನ್ನು ಬಿಡಿಸುತ್ತಾರೆ. ಏಕಸ್ವರವನ್ನು ದೀರ್ಘವಾಗಿ, ಶ್ರುತಿ ಅಲುಗದಂತೆ ಹಿಡಿಯುವ ಸಾಧನೆ ಇಲ್ಲಿ ಬೆರಳಿನ ವೇಗಕ್ಕಿಂತ ಮುಖ್ಯ.

ಕರ್ನಾಟಕ ಸಂಗೀತ ಕಲಿತವರಿಗೆ ವಾದ್ಯದ ಅಳತೆ ಹೀಗೆ ತಿಳಿಯುತ್ತದೆ. ಆಲ್ಟೊ ಸಿ ವಾದ್ಯದಲ್ಲಿ ಬಿಳಿ 1ನ್ನು ಷಡ್ಜವಾಗಿಟ್ಟರೆ ಮಂದ್ರದ ಚತುಶ್ರುತಿ ಧೈವತದಿಂದ ತಾರದ ಶುದ್ಧ ಮಧ್ಯಮದವರೆಗೆ ವ್ಯಾಪ್ತಿ. ಸರಳೆ ವರಸೆಗಳು ಇದರೊಳಗೆ ಕೂರುತ್ತವೆ. ಮಂದ್ರಸ್ಥಾಯಿ ವರಸೆಯ ಮಂದ್ರ ಪಂಚಮವಾಗಲೀ ತಾರಸ್ಥಾಯಿ ವರಸೆಯ ತಾರ ಪಂಚಮವಾಗಲೀ ಸಿಗುವುದಿಲ್ಲ. ಷಡ್ಜವನ್ನು ಬಿಳಿ 2ಕ್ಕೆ ಸರಿಸಿದರೆ ಮಂದ್ರ ಪಂಚಮ ಸಿಗುತ್ತದೆ, ಆದರೆ ಮೇಲೆ ತಾರದ ಸಾಧಾರಣ ಗಾಂಧಾರಕ್ಕೆ ದಾರಿ ಮುಗಿಯುತ್ತದೆ. ಮೋಹನದಂಥ ಔಡವ ರಾಗ ಬಿಳಿ 1ರಲ್ಲಿ ಅರ್ಧಸ್ವರದ ಬೆರಳುಗಳ ಗೋಜಿಲ್ಲದೆ ಬರುತ್ತದೆ. ಮಾಯಾಮಾಳವಗೌಳದ ಶುದ್ಧ ರಿಷಭ, ಶುದ್ಧ ಧೈವತಗಳಿಗೆ ಅಡ್ಡಬೆರಳು ಎಂಬ ಅರ್ಧಸ್ವರದ ಬೆರಳುಕ್ರಮ ಕಲಿಯಬೇಕು. ಬೆರಳನ್ನು ರಂಧ್ರದ ಮೇಲಿಂದ ಮೆಲ್ಲನೆ ಉರುಳಿಸಿ ಜಾರು ತೆಗೆಯಬಹುದು, ಉಸಿರನ್ನು ಅಲೆಯಾಗಿಸಿ ಕಂಪಿತ ಮೂಡಿಸಬಹುದು. ಹಾಗಿದ್ದರೂ ಒಕರೀನಾ ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ರೂಢಿಗೆ ಬಂದ ವಾದ್ಯವಲ್ಲ.

ಪೋಷಣೆ

ನುಡಿಸುತ್ತಿದ್ದಂತೆ ಉಸಿರಿನ ತೇವ ಗಾಳಿದಾರಿಯಲ್ಲಿ ಹನಿಗಟ್ಟಿ ದನಿ ಮಂಕಾಗುತ್ತದೆ. ತೆಳು ಕಾಗದದ ಪಟ್ಟಿಯನ್ನು ಒಳಗೆ ತೂರಿಸಿ ತೇವ ಹೀರಿಸುವುದು ರೂಢಿ. ಲೋಹದ ಕಡ್ಡಿ ಹಾಕಿದರೆ ಅಲಗು ಕೆಡುತ್ತದೆ. ಊಟ ತಿಂಡಿಯಾದ ಮೇಲೆ ಬಾಯಿ ಮುಕ್ಕಳಿಸಿಯೇ ಊದಬೇಕು. ಮಣ್ಣಿನ ವಾದ್ಯಕ್ಕೆ ಕೊರಳುದಾರ ಮತ್ತು ಮೆತ್ತನೆಯ ಚೀಲ ಇರಲೇಬೇಕು. ನುಡಿಸುವಾಗ ಕೆಳಗೆ ಗಟ್ಟಿನೆಲದ ಬದಲು ಚಾಪೆಯೋ ಹಾಸಿಗೆಯೋ ಇದ್ದರೆ ಮನಸ್ಸಿಗೆ ನೆಮ್ಮದಿ.

ಬಳಕೆ ಮತ್ತು ಇಂದಿನ ಸ್ಥಿತಿ

ಇಪ್ಪತ್ತನೆಯ ಶತಮಾನದಲ್ಲಿ ಒಕರೀನಾ ಅನಿರೀಕ್ಷಿತ ಎಡೆಗಳಲ್ಲಿ ಕೇಳಿಸಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನಿಕರ ಜೇಬಿನಲ್ಲಿ ಪ್ಲಾಸ್ಟಿಕ್ ಒಕರೀನಾ ಇತ್ತು. 1966ರಲ್ಲಿ ಬ್ರಿಟನ್ನಿನ ಟ್ರಾಗ್ಸ್ ತಂಡದ ‘ವೈಲ್ಡ್ ಥಿಂಗ್’ ರಾಕ್ ಹಾಡಿನ ನಡುವೆ ಅದು ಏಕಾಂಗಿಯಾಗಿ ನುಡಿಯಿತು. ಅದೇ ವರ್ಷದ ‘ದಿ ಗುಡ್, ದಿ ಬ್ಯಾಡ್ ಆ್ಯಂಡ್ ದಿ ಅಗ್ಲಿ’ ಚಿತ್ರಕ್ಕೆ ಸಂಗೀತ ಕೊಟ್ಟ ಎನ್ನಿಯೊ ಮೊರಿಕೋನೆ ಅದನ್ನು ಬಳಸಿದರು. ಹಂಗೆರಿ ಮೂಲದ ಗ್ಯೋರ್ಗ್ ಲಿಗೆಟಿ ತಮ್ಮ ವಯಲಿನ್ ಕಾನ್ಚೆರ್ಟೊದಲ್ಲಿ ವಾದ್ಯವೃಂದದ ಸುಷಿರವಾದಕರ ಕೈಗೆ ಒಕರೀನಾ ಕೊಟ್ಟರು. ಜಪಾನಿನ ಸೊಜಿರೊ 1986ರಲ್ಲಿ ಎನ್‌ಎಚ್‌ಕೆ ದೂರದರ್ಶನದ ಹಳದಿ ನದಿಯ ಸಾಕ್ಷ್ಯಚಿತ್ರ ಸರಣಿಗೆ ಒಕರೀನಾದಲ್ಲಿ ಸಂಗೀತ ನುಡಿಸಿದ ಮೇಲೆ ಆ ದೇಶದಲ್ಲಿ ವಾದ್ಯಕ್ಕೆ ದೊಡ್ಡ ಬೇಡಿಕೆ ಹುಟ್ಟಿತು.

ಆದರೆ ಹೊಸ ತಲೆಮಾರು ಇದನ್ನು ಕಂಡದ್ದು ಹೆಚ್ಚಾಗಿ ಒಂದು ವಿಡಿಯೊ ಆಟದಲ್ಲಿ. ನಿಂಟೆಂಡೊ ಕಂಪನಿ 1998ರಲ್ಲಿ ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’ ಆಟದಲ್ಲಿ ಆಡುವವರು ಐದು ಗುಂಡಿಗಳಿಂದ ಒಕರೀನಾ ನುಡಿಸಿ ಬಾಗಿಲು ತೆರೆಯುತ್ತಾರೆ, ಮಳೆ ತರಿಸುತ್ತಾರೆ, ಹಗಲನ್ನು ಇರುಳಾಗಿಸುತ್ತಾರೆ. ಆಟ ಮುಗಿಸಿದ ಎಷ್ಟೋ ಮಂದಿ ನಿಜವಾದ ವಾದ್ಯ ಹುಡುಕಿಕೊಂಡು ಹೊರಟರು. ನೀಲಿ ಬಣ್ಣದ, ಮೂರು ತ್ರಿಕೋನಗಳ ಗುರುತಿನ ಅದರ ಪ್ರತಿಕೃತಿಗಳು ಇಂದಿಗೂ ಮಾರಾಟವಾಗುತ್ತವೆ. ಅವುಗಳಲ್ಲಿ ಶ್ರುತಿಗೆ ನಿಲ್ಲುವವೂ ಇವೆ, ಕಪಾಟಿನ ಅಲಂಕಾರಕ್ಕಷ್ಟೇ ಸಲ್ಲುವವೂ ಇವೆ.

ಈಗ ಜಪಾನ್, ದಕ್ಷಿಣ ಕೊರಿಯಾ, ಚೀನಾ, ತೈವಾನ್‌ಗಳು ಒಕರೀನಾ ತಯಾರಿಕೆಯ ಮುಖ್ಯ ಕೇಂದ್ರಗಳು. ಕೊರಿಯಾದ ಶಾಲೆಗಳಲ್ಲಿ ಮಕ್ಕಳು ಇದನ್ನು ಕಲಿಯುತ್ತಾರೆ. ದೊನಾತಿಯ ಬುದ್ರಿಯೊದಲ್ಲಿ ಒಕರೀನಾ ವಸ್ತುಸಂಗ್ರಹಾಲಯವಿದೆ, ಎರಡು ವರ್ಷಕ್ಕೊಮ್ಮೆ ಅಂತಾರಾಷ್ಟ್ರೀಯ ಒಕರೀನಾ ಉತ್ಸವ ನಡೆಯುತ್ತದೆ. ಊರಿನ ಮೇಳ ಈಗಲೂ ಏಳು ಗಾತ್ರದ ಒಕರೀನಾಗಳೊಂದಿಗೆ ಏಳು ಮಂದಿಯ ತಂಡವಾಗಿಯೇ ವೇದಿಕೆ ಏರುತ್ತದೆ.